ಅಕ್ಕನ ಎಡಗೈ ಮತ್ತು ಒದ್ದೆ ಪರದೆ

ಛಪ್. ಸ್ವಲ್ಪ ತಡೆದು ಮತ್ತೆ ಛಪ್. ಬಕೆಟ್ಟಿನ ನೀರು ದಪ್ಪನೆಯ ಬಟ್ಟೆಗೆ ಬಡಿಯುವ ಸದ್ದು ಅದು. ನಾನು ಚಿಕ್ಕವಳಿದ್ದಾಗ ಮಸ್ಕಿಯ ಹಳ್ಳದ ಕಡೆಯಿಂದ ಸಂಜೆ ಆ ಸದ್ದು ಬಂತೆಂದರೆ ಇವತ್ತು ಪಿಕ್ಚರ್ ಇದೆ ಎಂದು ಇಡೀ ಊರಿಗೆ ತಿಳಿಯುತ್ತಿತ್ತು. ಓಣಿಯ ಮಕ್ಕಳೆಲ್ಲ ಕುಣಿಯುತ್ತಿದ್ದರು. ನನಗೆ ಮಾತ್ರ ಈಗಲೂ ಯಾರಾದರೂ ಅಂಗಳಕ್ಕೆ ಜೋರಾಗಿ ನೀರು ಎರಚಿದರೆ ಕೈಯಲ್ಲಿದ್ದ ಕೆಲಸ ನಿಂತುಬಿಡುತ್ತದೆ. ಯಾಕೆಂದು ಹೇಳುತ್ತೇನೆ, ಮಕ್ಕಳೇ, ಹತ್ತಿರ ಬನ್ನಿ.

ಬೇಸಿಗೆಯಲ್ಲಿ ನಮ್ಮೂರಿಗೆ ಟೆಂಟ್ ಟಾಕೀಸ್ ಬರುತ್ತಿತ್ತು. ನಮ್ಮದು ಬಟ್ಟೆ ಅಂಗಡಿ. ಟೆಂಟಿನ ಪರದೆಗೆ ಅಪ್ಪನೇ ಬಿಳಿ ಮಾದರಪಾಟ ಬಟ್ಟೆ ಹರಿದು ಕೊಟ್ಟಿದ್ದ. ಪರದೆಯ ಮುಂದೆ ಗಂಡಸರು, ಹಿಂದೆ ಹೆಂಗಸರು ಕೂಡಬೇಕು ಎನ್ನುವುದು ಆಗಿನ ರಿವಾಜು. ಬಟ್ಟೆಗೆ ನೀರು ಹೊಡೆದರೆ ಬೆಳಕು ಅದರೊಳಗಿಂದ ಹಾದು ಹಿಂದಿನವರಿಗೂ ಚಿತ್ರ ಕಾಣುತ್ತದೆ. ಆದರೆ ಕನ್ನಡಿಯಲ್ಲಿ ಕಂಡ ಹಾಗೆ, ಉಲ್ಟಾ. ಬಲಗಡೆಯ ಬಾಗಿಲು ಎಡಗಡೆಗೆ, ಎಡಗಡೆಯ ಕುದುರೆ ಬಲಗಡೆಗೆ. ಮುಂದೆ ಎಂದೂ ಕೂತು ನೋಡದ ಹೆಂಗಸರಿಗೆ ಅದು ಉಲ್ಟಾ ಎಂದು ಗೊತ್ತಾಗುವುದಾದರೂ ಹೇಗೆ? ಅವರ ಪಾಲಿಗೆ ಅದೇ ಸರಿಯಾದ ಚಿತ್ರ.

ಅಪ್ಪನಿಗೆ ಹಳೆಯ ಹಾಲಿವುಡ್ ಪಿಕ್ಚರುಗಳ ಹುಚ್ಚು. ರಿಯಲಿ, ಹುಚ್ಚು ಎಂದರೆ ಹುಚ್ಚೇ. ಇಂಗ್ಲಿಷ್ ಒಂದಕ್ಷರ ಬಾರದಿದ್ದರೂ ಅಂಗಡಿ ಮುಚ್ಚಿ ಲಿಂಗಸುಗೂರಿಗೋ ಸಿಂಧನೂರಿಗೋ ಬಸ್ಸು ಹತ್ತಿ ಹೋಗಿ ನೋಡಿ ಬರುತ್ತಿದ್ದ. ಟೋಪಿಯನ್ನು ಹೀರೋಗಳ ಹಾಗೆ ಒಂದು ಹುಬ್ಬಿನ ಮೇಲೆ ಇಳಿಸಿಕೊಂಡು ಗಿರಾಕಿಗಳಿಗೆ ಧೋತರ ಅಳೆದು ಕೊಡುತ್ತಿದ್ದ. ಟೆಂಟಿನ ಮಾಲೀಕನಿಗೆ ದುಂಬಾಲು ಬಿದ್ದು ಹಿಂದಿ ಪಿಕ್ಚರುಗಳ ನಡುವೆ ಒಂದೆರಡು ಕಪ್ಪು-ಬಿಳುಪಿನ ಇಂಗ್ಲಿಷ್ ಪಿಕ್ಚರ್ ತರಿಸುತ್ತಿದ್ದವನೂ ಅವನೇ. ಆ ಹುಚ್ಚು ಅಕ್ಕನಿಗೂ ಹತ್ತಿತ್ತು. ಸೆರಗಿಲ್ಲದ ಲಂಗವನ್ನೇ ಗೌನಿನಂತೆ ಎತ್ತಿ ಹಿಡಿದು ಮೆಟ್ಟಿಲು ಇಳಿಯುತ್ತಿದ್ದಳು, ಹಿತ್ತಿಲಿನ ಎಮ್ಮೆಗೆ ‘ಡಾರ್ಲಿಂಗ್’ ಎನ್ನುತ್ತಿದ್ದಳು.

ಆದರೆ ಅಕ್ಕನ ಹುಚ್ಚಿಗೆ ಬೇರೆಯೇ ಒಂದು ಕಾರಣವಿತ್ತು. ಅವಳು ಹುಟ್ಟಿನಿಂದ ಎಡಗೈಯವಳು. ನಮ್ಮ ಕಡೆ ಅಂಥವರನ್ನು ರೊಡ್ಡಿ ಎನ್ನುತ್ತಾರೆ, ಅದು ಪ್ರೀತಿಯಿಂದ ಅನ್ನುವ ಮಾತಲ್ಲ. ಉಣ್ಣುವಾಗ ಅಜ್ಜಿ ಅವಳ ಎಡಗೈಯನ್ನು ಪಂಚೆಯ ತುಂಡಿನಿಂದ ಬೆನ್ನ ಹಿಂದೆ ಕಟ್ಟುತ್ತಿದ್ದಳು. ಆ ಕೈಗೆ ಬೈಗುಳ ಬೀಳದ ದಿನವಿರಲಿಲ್ಲ. ಪರದೆಯ ಹಿಂದೆ ಕೂತಾಗ ಮಾತ್ರ ಅಕ್ಕನಿಗೆ ಒಂದು ಲೋಕ ಕಾಣುತ್ತಿತ್ತು. ಅಲ್ಲಿ ಚಂದದ ಗಂಡಸರು, ಮುತ್ತಿನ ಸರದ ಹೆಂಗಸರು, ಎಲ್ಲರೂ ಎಡಗೈಯಿಂದಲೇ ಬರೆಯುತ್ತಿದ್ದರು, ಎಡಗೈಯಿಂದಲೇ ಕುಡಿಯುತ್ತಿದ್ದರು, ಎಡಗೈಯನ್ನೇ ಕುಲುಕುತ್ತಿದ್ದರು.

ನಾನು ಆಗ ಕಾನ್ವೆಂಟ್ ಬೋರ್ಡಿಂಗಿನಿಂದ ರಜೆಗೆ ಬಂದಿದ್ದೆ. ಅಕ್ಕನನ್ನು ಅಜ್ಜಿ ಊರು ಬಿಡಲು ಬಿಟ್ಟಿರಲಿಲ್ಲ. ಇಂಗ್ಲಿಷ್ ಕಲಿತ ಮಗಳು ಅರ್ಥ ಹೇಳಲಿ ಎಂದು ಅಪ್ಪ ಆ ವರ್ಷ ಮೊದಲ ಸಲ ನನ್ನನ್ನು ಗಂಡಸರ ಕಡೆ, ಪರದೆಯ ಮುಂದೆ ಕೂಡಿಸಿಕೊಂಡ. ಆ ನಟರು ಮೂಗಿನಲ್ಲಿ ಮಾತಾಡುತ್ತಿದ್ದರು, ನನಗೆ ಅರ್ಧವೂ ತಿಳಿಯಲಿಲ್ಲ. ಒಂದು ಮಾತ್ರ ಸ್ಪಷ್ಟವಾಗಿ ಕಂಡಿತು. ಪಿಕ್ಚರಿನ ಡಾಕ್ಟರು ಬಲಗೈಯಿಂದ ಚೀಟಿ ಬರೆದ. ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಎಡಗೈಯಿಂದ ಬರೆಯುವ ಹುಡುಗಿಯ ಗೆಣ್ಣಿಗೆ ರೂಲರಿನಿಂದ ಹೊಡೆಯುತ್ತಿದ್ದದ್ದನ್ನು ನೋಡಿದ್ದೆ. ಅಕ್ಕ ನಂಬಿದ ಆ ಲೋಕ ಎಲ್ಲಿಯೂ ಇರಲಿಲ್ಲ. ಅದನ್ನು ಅವಳಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ಮರುದಿನ ಅಮಾವಾಸ್ಯೆ. ಪ್ರಸಾದಕ್ಕೆ, ಅಂದರೆ ಊಟಕ್ಕೆ, ಮಠದ ಅಯ್ಯನವರು ಬಂದಿದ್ದರು. ಪೂಜೆ ಮುಗಿದು ಎಲೆ ಹಾಕಿದಾಗ ಅವ್ವ ಒಲೆಯ ಮುಂದಿದ್ದಳು, ಅಕ್ಕ ತುಪ್ಪ ನೀಡಲು ಹೋದಳು. ಹೋಳಿಗೆಯ ಮೇಲೆ ತುಪ್ಪ ಬಿದ್ದ ಕೂಡಲೇ ಅಯ್ಯನವರ ಕೈ ನಿಂತಿತು. ಅಕ್ಕ ಎಡಗೈಯಿಂದ ನೀಡಿದ್ದಳು. ಅವರು ಕಣ್ಣು ಮುಚ್ಚಿ ಕೂತರು. ಅಜ್ಜಿ ಅವರನ್ನು ಬಾಗಿಲವರೆಗೂ ಕಳಿಸಿ ಬಂದಳು.

“ಯಾ ಕೈಬೇ ಅದು?” ಅಂದಳು ಅಜ್ಜಿ, ಬಾಗಿಲು ಮುಚ್ಚಿ. “ಅಯ್ಯಗೋಳ್ ಮುಂದ ಮನೀ ಮಾನ ಕಳದಿ. ಕಟ್ಟಿ ನೋಡಿದೆ, ಬಡದು ನೋಡಿದೆ. ಇನ್ನ ಈ ಕೈಗೆ ಬರೀ ಹಾಕಿದ್ರನ ಬುದ್ಧಿ ಬರೋದು.”

ಬರೆ ಎಂದರೆ ಕಾಸಿದ ಕಬ್ಬಿಣದಿಂದ ಚರ್ಮ ಸುಡುವುದು. ಅವ್ವ ಒಲೆಯ ಕಡೆಗೆ ಮುಖ ತಿರುಗಿಸಿದಳು. ಅತ್ತೆಯ ಎದುರು ಅವಳು ಮಾತಾಡುತ್ತಿರಲಿಲ್ಲ. ಅಕ್ಕ ಎಡಗೈಯನ್ನು ಲಂಗದ ನಿರಿಗೆಯಲ್ಲಿ ಬಚ್ಚಿಟ್ಟಳು. ಆದರೂ ಮಾತಾಡಿದಳು.

“ಇಂಗ್ಲಿಷ್ ಪಿಕ್ಚರ್‌ನ್ಯಾಗ ಎಲ್ಲಾರೂ ಎಡಗೈಲೇನ ಉಣ್ತಾರಬೇ. ಬರಿಯೋದೂ ಎಡಗೈಲೆ. ಅಷ್ಟು ದೊಡ್ಡ ಬಂಗಲೇದಾಗ ಇರೋ ಮಂದಿ, ಅವರಿಗೆ ಯಾರೂ ಬರೀ ಹಾಕಂಗಿಲ್ಲ. ಬೇಕಾದ್ರ ಅಪ್ಪನ್ನ ಕೇಳು.”

ಅಜ್ಜಿ ಒಂದು ಗಳಿಗೆ ಅವಳನ್ನೇ ನೋಡಿದಳು. “ಕೇಳ್ತೀನಿ. ಅವ ಹೂಂ ಅಂದ್ರ ಬಿಡ್ತೀನಿ. ಇಲ್ಲಂದ್ರ ಸೌಟು ಕಾಸ್ತೀನಿ.”

ಅಕ್ಕನ ಮುಖ ಅರಳಿತು. ಅಪ್ಪ ಹೂಂ ಅನ್ನುತ್ತಾನೆ ಎನ್ನುವುದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ. ಅಪ್ಪನೂ ಪರದೆಯ ಮುಂದೆಯೇ ಕೂತು ನೋಡುವವನು ಎಂದು ನನಗೆ ಮಾತ್ರ ಹೊಳೆಯಿತು. ಅವಳು ನನ್ನನ್ನು ಹಿತ್ತಿಲಿಗೆ ಎಳೆದುಕೊಂಡು ಹೋಗಿ, “ನೀ ನಿನ್ನೆ ಮುಂದ ಕುಂತಿದ್ದೆಲ್ಲ, ಹೇಳು, ಡಾಕ್ಟರು ಯಾ ಕೈಲೆ ಬರದ?” ಅಂದಳು. ಹೊಟ್ಟೆ ನೋಯುತ್ತಿದೆ ಎಂದು ನಾನು ಓಡಿದೆ.

ಮಧ್ಯಾಹ್ನ ಅಪ್ಪ ಉಣ್ಣಲು ಬಂದಾಗ ಅಜ್ಜಿ ಎದುರಿಗೇ ಕೂತು ಕೇಳಿದಳು. ಅಪ್ಪನ ಕೈಯಲ್ಲಿದ್ದ ರೊಟ್ಟಿಯ ಚೂರು ಬಾಯಿಗೆ ಹೋಗದೆ ನಿಂತಿತು. ಅವನು ಅಕ್ಕನನ್ನು ನೋಡಿದ, ಲಂಗದ ನಿರಿಗೆಯಲ್ಲಿ ಅಡಗಿದ್ದ ಅವಳ ಎಡಗೈಯನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ನಾನು ನೆಲ ನೋಡಿದೆ.

“ಯವ್ವಾ,” ಅಂದ ಅಪ್ಪ ನಿಧಾನವಾಗಿ, “ನಾ ಹೂಂ ಅಂದ್ರ ಮಗಳ ಪರವಾಗಿ ಹೇಳಾಕತ್ತಾನ ಅಂತಿ. ಸಂಜೀಗೆ ಅದ ಪಿಕ್ಚರ್ ಮತ್ತ ಐತಿ. ನೀನ ಬಂದು ನಿನ್ನ ಕಣ್ಣಲೆ ನೋಡು.”

“ನಾನು? ಆ ಡೇರೇದಾಗ? ಈ ವಯಸ್ಸಿನ್ಯಾಗ ನನ್ನ ಕುಣಸಾಕ ಹೊಂಟಿ ಏನ್?”

“ಕುಣಿಯೋದು ಬ್ಯಾಡ. ಹಿಂದ ಹೆಂಗಸರ ಕಡೆ ಕುಂಡ್ರು ಸಾಕು.”

ಕೈ ತೊಳೆಯಲು ನೀರು ಹಾಕುತ್ತಿದ್ದ ನನಗೆ ಅಪ್ಪ ಮೆಲ್ಲಗೆ ಹೇಳಿದ, “ನೀನೂ ಇವತ್ತು ಹಿಂದ ಕುಂಡ್ರು. ಅಜ್ಜಿ ಕೇಳಿದ್ದಕ್ಕ ಖರೇ ಹೇಳು. ಕೇಳದ್ದನ್ನ ಹೇಳಾಕ ಹೋಗಬ್ಯಾಡ.” ಹೊರಡುವ ಮುಂಚೆ ಅಜ್ಜಿ ಕಬ್ಬಿಣದ ಸೌಟನ್ನು ಬೂದಿಯಿಂದ ತಿಕ್ಕಿ ಒಲೆಯ ಪಕ್ಕದಲ್ಲಿಟ್ಟಳು. ಬಂದ ಕೂಡಲೇ ಕೈಗೆ ಸಿಗಲಿ ಎಂದು.

ಛಪ್, ಛಪ್. ನಾವು ಹೋದಾಗ ಪರದೆಗೆ ನೀರು ಹೊಡೆಯುತ್ತಿದ್ದರು. ಜನರೇಟರ್ ಢಗಢಗ ಎನ್ನುತ್ತಿತ್ತು. ಒದ್ದೆ ಬಟ್ಟೆಯ ವಾಸನೆ, ಸೀಮೆಎಣ್ಣೆಯ ವಾಸನೆ, ಹೆಂಗಸರ ಮುಡಿಯ ದವನದ ವಾಸನೆ. ಅಜ್ಜಿ ನಡುವೆ, ಆಚೆ ಅಕ್ಕ, ಈಚೆ ನಾನು. ಬೆಳಕು ಹೊತ್ತಿತು, ಪಿಕ್ಚರಿನ ಹೆಸರು ಪರದೆಯ ತುಂಬ ಬಂತು. ಅಕ್ಷರಗಳೆಲ್ಲ ಉಲ್ಟಾ. ಇಷ್ಟೂ ಹೆಂಗಸರಲ್ಲಿ ಇಂಗ್ಲಿಷ್ ಬರುತ್ತಿದ್ದವಳು ನಾನೊಬ್ಬಳೇ.

“ಏನ್ ಬರದಾರ? ಓದು,” ಅಂದಳು ಅಜ್ಜಿ.

ಅಕ್ಷರ ಉಲ್ಟಾ ಎಂದರೆ ಗುಟ್ಟೇ ಬಯಲು. ಕೊನೆಯಿಂದ ಹಿಡಿದು, ಒಂದೊಂದೇ ಅಕ್ಷರವನ್ನು ಮನಸ್ಸಿನಲ್ಲಿ ತಿರುಗಿಸಿ, ತಡವರಿಸಿ ಓದಿದೆ.

“ಒಂದು ಹೆಸರಿಗೆ ಇಷ್ಟೊತ್ತು,” ಅಂದಳು ಅಜ್ಜಿ ಪಕ್ಕದವಳಿಗೆ. “ಇದಕ್ಕ ಕಾನ್ವೆಂಟ್ ಅಂತಾರ ನೋಡವಾ.” ಹಿಂದಿನವರು ನಕ್ಕರು. ನಗಲಿ ಬಿಡು ಎಂದುಕೊಂಡೆ. ಯಾಕೆ ತಡವಾಯಿತು ಎಂದು ಅವಳು ಕೇಳಲಿಲ್ಲವಲ್ಲ.

ಸಮುದ್ರದ ದಂಡೆಯ ಬಂಗಲೆ, ಅಲ್ಲಿಗೆ ಬಂದ ಹೊಸ ಡಾಕ್ಟರು, ಯಾರೂ ಮುಟ್ಟದೆ ತಾನಾಗಿಯೇ ನುಡಿಯುವ ಪಿಯಾನೋ. ಡಾಕ್ಟರು ಚೀಟಿ ಬರೆದ, ನಮ್ಮ ಕಡೆಗೆ ಎಡಗೈಯಿಂದ. ಅಜ್ಜಿ ಮುಂದಕ್ಕೆ ಬಾಗಿದಳು. ಬಂಗಲೆಯ ಯಜಮಾನಿ ಕೈ ಕುಲುಕಿದಳು, ಎಡಗೈ. ಅಕ್ಕ ಉಸಿರು ಬಿಗಿಹಿಡಿದು ಅಜ್ಜಿಯ ಮುಖವನ್ನೇ ನೋಡುತ್ತಿದ್ದಳು.

ಆಮೇಲೆ ಊಟದ ಸೀನ್ ಬಂತು. ಹಿಂದಿನ ಸಂಜೆ ನಾನು ಹೆದರಿ ಅಪ್ಪನ ತೋಳಿನಲ್ಲಿ ಮುಖ ಮುಚ್ಚಿಕೊಂಡಿದ್ದ ಜಾಗ ಅದು. ಸೂಪು ಕುಡಿಯುವಾಗ ಎಲ್ಲರ ಚಮಚವೂ ಎಡಗೈಯಲ್ಲಿತ್ತು. ನಾನು ಉಸಿರು ಬಿಟ್ಟೆ. ಅಷ್ಟರಲ್ಲಿ ಆಳು ಮಾಂಸದ ತಟ್ಟೆ ತಂದ, ತಟ್ಟೆಯ ಪಕ್ಕದಲ್ಲಿ ಫೋರ್ಕು ಹೊಳೆಯಿತು. ನನಗೆ ಸಿಸ್ಟರ್ ಕಲಿಸಿದ ಟೇಬಲ್ ಮ್ಯಾನರ್ಸ್ ನೆನಪಾಯಿತು. ಚಾಕು ಬಲಗೈಯಲ್ಲಿ, ಫೋರ್ಕು ಎಡಗೈಯಲ್ಲಿ, ಬಾಯಿಗೆ ಹೋಗುವುದು ಫೋರ್ಕು. ಅಂದರೆ ನಮ್ಮ ಕಡೆಗೆ ಅದು ಬಲಗೈ. ಮುಗಿಯಿತು ಎಂದುಕೊಂಡೆ. ಈಗ ಅಜ್ಜಿ ‘ನೋಡು, ಬಲಗೈಲೇನ ಉಣ್ಣಾಕತ್ತಾರ’ ಎಂದು ಏಳುತ್ತಾಳೆ. ಒಲೆಯ ಪಕ್ಕದ ಸೌಟು ಕಣ್ಣ ಮುಂದೆ ಕೆಂಪಗಾಯಿತು. ಅಮೆರಿಕದ ಜನ ಮಾಂಸ ಕತ್ತರಿಸಿದ ಮೇಲೆ ಫೋರ್ಕನ್ನು ಬಲಗೈಗೆ ಬದಲಾಯಿಸಿಕೊಳ್ಳುತ್ತಾರೆ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆ ಕ್ಷಣಕ್ಕೆ ನನ್ನ ಭಯಕ್ಕೆ ಔಷಧ ಇರಲಿಲ್ಲ.

ಡಾಕ್ಟರು ಫೋರ್ಕು ಎತ್ತಿದ. ಪರದೆಯ ಮೇಲೆ ಗಾಳಿ ಎದ್ದಿತು. ಮೇಣದಬತ್ತಿಗಳೆಲ್ಲ ಆರಿದವು. ಕತ್ತಲೆಯಲ್ಲಿ ಪಿಯಾನೋ ನುಡಿಯಿತು, ಮೆಟ್ಟಿಲಿನ ಕಟಕಟೆಯ ಮೇಲೆ ಒಂದು ಬೆಳ್ಳನೆಯ ಕೈ, ಬರೀ ಕೈ, ನಿಧಾನವಾಗಿ ಜಾರಿಕೊಂಡು ಇಳಿಯತೊಡಗಿತು. ಹೆಂಗಸರೆಲ್ಲ ಕಿರುಚಿದರು. ಶಿವಶಿವಾ ಎಂದಳು ಅಜ್ಜಿ. ನಾನು ಅವಳನ್ನು ತಬ್ಬಿಕೊಂಡೆ. ಆಗಲೇ ನೋಡಿದ್ದು. ನಮ್ಮ ಅಜ್ಜಿ, ಊರಿಗೆಲ್ಲ ಗದರುವ ಅಜ್ಜಿ, ಹೆದರಿ ಪಕ್ಕದಲ್ಲಿ ಸಿಕ್ಕ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಅದು ಅಕ್ಕನ ಎಡಗೈ.

ಪಿಕ್ಚರ್ ಮುಗಿಯುವವರೆಗೂ ಬಿಡಲಿಲ್ಲ. ಹೊರಗೆ ಬಂದರೆ ಅಮಾವಾಸ್ಯೆಯ ಕಪ್ಪು ಕತ್ತಲೆ. ಹಳ್ಳದ ದಾರಿಯಲ್ಲೂ ಬಿಡಲಿಲ್ಲ. ಟೋಪಿ ಓರೆ ಮಾಡಿಕೊಂಡು ಕಂದೀಲು ಹಿಡಿದು ಮುಂದೆ ನಡೆಯುತ್ತಿದ್ದ ಅಪ್ಪ, “ಹೆಂಗಿತ್ತು ಯವ್ವಾ?” ಎಂದು ಕೇಳಿದ.

“ಹೆಂಗಿರ್ತದ. ಎಲ್ಲಾ ರೊಡ್ಡ ಮಂದಿ,” ಅಂದಳು ಅಜ್ಜಿ. “ಅದಕ್ಕ ನಮ್ಮ ದೇಶ ಬಿಟ್ಟು ಓಡಿ ಹೋಗ್ಯಾರ.” ಅಪ್ಪನಿಗೆ ಕೆಮ್ಮು ಬಂತು, ಬಹಳ ಹೊತ್ತು ಬಂತು.

ಮನೆಯೊಳಗೆ ಬಂದವಳೇ ಅಜ್ಜಿ ಒಲೆಯ ಬಳಿಗೆ ಹೋಗಿ ಸೌಟು ತೆಗೆದುಕೊಂಡಳು. ಅಕ್ಕ ನನ್ನ ಬೆನ್ನ ಹಿಂದೆ ಸರಿದಳು. ನಾನು ಕಣ್ಣು ಮುಚ್ಚಿದೆ. ಸೌಟು ಗಡಿಗೆಗೆ ತಾಗಿದ ಸದ್ದು ಕೇಳಿತು. ಕಣ್ಣು ಬಿಟ್ಟರೆ ಅಜ್ಜಿ ಅಕ್ಕನ ಗಂಗಾಳಕ್ಕೆ ಸಾರು ನೀಡುತ್ತಿದ್ದಳು.

“ಯಾ ಕೈಲೆ ಉಣ್ತಿ ಉಣ್ಣು,” ಅಂದಳು. “ಅಯ್ಯಗೋಳು ಬಂದಾಗ ಮಾತ್ರ ನೀ ಒಳಗಿರು. ಅವರೇನ್ ಪಿಕ್ಚರ್ ನೋಡಿಲ್ಲ.”

ಅಕ್ಕ ಎಡಗೈಯಿಂದ ಉಂಡಳು. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು, ಹೊಗೆ ಎಂದಳು.

ಅಕ್ಕನನ್ನು ಸಿಂಧನೂರಿಗೆ ಕೊಟ್ಟರು. ಗಂಡನ ಮನೆ ಅಕ್ಕಿ ಗಿರಣಿಯವರದು. ಮಕ್ಕಳು, ಸೊಸೆಯಂದಿರು ಎಲ್ಲರ ನಡುವೆಯೂ ಹಳೆಯ ಹಾಲಿವುಡ್ ಪಿಕ್ಚರುಗಳ ಹುಚ್ಚು ಅವಳನ್ನು ಬಿಡಲಿಲ್ಲ. ಟೀವಿ ಬಂತು, ಕ್ಯಾಸೆಟ್ಟು ಬಂತು. ಅಲ್ಲಿ ಹೀರೋಗಳೆಲ್ಲ ಬಲಗೈಯಿಂದ ಬರೆಯುವುದನ್ನು ಕಂಡು ಅವಳು ಏನಂದಳು ಗೊತ್ತೇ? “ಟೀವ್ಯಾಗ ಎಲ್ಲಾ ಉಲ್ಟಾ ತೋರಸ್ತಾರವಾ, ನಮ್ಮ ಡೇರೇದಾಗ ಸರಿ ಇತ್ತು.” ಅವಳು ಅದನ್ನು ತಿಳಿದೇ ಅನ್ನುತ್ತಿದ್ದಳೋ ಇಲ್ಲವೋ, ನಾನು ಎಂದೂ ಕೇಳಲಿಲ್ಲ. ಕೇಳದ್ದನ್ನು ಹೇಳುವುದಕ್ಕೂ ಹೋಗಲಿಲ್ಲ.

ಈಗ ನಿಮ್ಮ ಲೋಕದಲ್ಲಿ ಯಾವ ಪಿಕ್ಚರ್ ಬೇಕಾದರೂ ಅಂಗೈಯಲ್ಲಿ ಬರುತ್ತದೆ. ನಿಮ್ಮಲ್ಲೊಬ್ಬಳು ಎಡಗೈಯಿಂದ ಬರೆಯುತ್ತಾಳೆ, ಅವಳ ಟೀಚರ್ ‘ಗುಡ್ ಹ್ಯಾಂಡ್‌ರೈಟಿಂಗ್’ ಎನ್ನುತ್ತಾರೆ. ಆದರೂ ಅವಳು ಎಡಗೈಯಲ್ಲಿ ಪೆನ್ಸಿಲ್ ಹಿಡಿದಾಗ ಒಂದು ಕ್ಷಣ ನನ್ನ ಕಣ್ಣು ಒಲೆಯ ಕಡೆಗೆ ಹೋಗುತ್ತದೆ. ನಮ್ಮ ಮನೆಯಲ್ಲಿ ಈಗ ಇರುವುದು ಗ್ಯಾಸ್, ಮೂಲೆಯಲ್ಲಿ ಸೌಟೂ ಇಲ್ಲ.

ಹೋದ ಬೇಸಿಗೆಯಲ್ಲಿ ಅಕ್ಕನಿಗೆ ಹುಷಾರಿಲ್ಲ ಎಂದು ಆ ಎಡಗೈಯವಳನ್ನು ಕರೆದುಕೊಂಡು ಸಿಂಧನೂರಿಗೆ ಹೋಗಿದ್ದೆ. ಅಕ್ಕ ಮಂಚದ ಮೇಲೆ ದಿಂಬಿಗೆ ಒರಗಿಕೊಂಡಿದ್ದಳು. ಇವಳು ಲ್ಯಾಪ್‌ಟಾಪಿನಲ್ಲಿ ಒಂದು ಹಳೆಯ ಕಪ್ಪು-ಬಿಳುಪಿನ ಪಿಕ್ಚರ್ ಹಾಕಿ, ಏನೋ ಒಂದು ಗುಂಡಿ ಒತ್ತಿದಳು. ಚಿತ್ರ ಪೂರ್ತಿ ಉಲ್ಟಾ ಆಯಿತು. ಹೆಸರಿನ ಅಕ್ಷರಗಳು ತಿರುಗಿಕೊಂಡವು. ಟೋಪಿಯ ಮನುಷ್ಯನೊಬ್ಬ ಎಡಗೈಯಿಂದ ಬಾಗಿಲು ತೆಗೆದು ಒಳಗೆ ಬಂದ.

“ಹಾಂ,” ಅಂದಳು ಅಕ್ಕ. “ಈಗ ಸರಿ ಆತು ನೋಡು.”

ಮುಗಿಯುವವರೆಗೂ ನೋಡಿದಳು. ಹೆದರಿಕೆಯ ಸೀನ್ ಬಂದಾಗ ನಾನೇ ಅವಳ ಎಡಗೈ ಹಿಡಿದುಕೊಂಡೆ. ಅದು ತರಗೆಲೆಯಷ್ಟು ಹಗುರವಾಗಿತ್ತು, ಬಿಡಲು ಭಯವಾಯಿತು. ಸಂಜೆ ಆಟೋ ಬಂದಾಗ ಬೇಡವೆಂದರೂ ಕೇಳದೆ, ಸೊಸೆಯ ಹೆಗಲು ಹಿಡಿದು ಬಾಗಿಲವರೆಗೂ ಬಂದಳು. ಲಂಗ ಇರಲಿಲ್ಲ, ಸೀರೆಯ ನಿರಿಗೆಯನ್ನೇ ಗೌನಿನಂತೆ ಒಂದಿಷ್ಟು ಎತ್ತಿ ಹಿಡಿದು ಹೊಸ್ತಿಲ ಮೇಲೆ ನಿಂತಳು. ಆಮೇಲೆ ನಿರಿಗೆ ಬಿಟ್ಟು ಎಡಗೈ ಎತ್ತಿ ಬೀಸಿದಳು. ನಾನೂ ಎಡಗೈಯನ್ನೇ ಬೀಸಿದೆ. ಆಟೋ ತಿರುವಿನಲ್ಲಿ ಹೊರಳುವವರೆಗೂ ಆ ಕೈ ಮೇಲೆಯೇ ಇತ್ತು. ಅಕ್ಕನನ್ನು ನಾನು ಕೊನೆಯ ಸಲ ನೋಡಿದ್ದು ಹಾಗೆ.