ಒಂದೇ ಡಾಲರ್, ಎರಡು ಅಂಗಡಿ: ಶೈಲಮ್ಮನವರ ಪ್ರಶ್ನೆಗಳು

ಎರಡು ಸಾವಿರದ ಇಸವಿಯಲ್ಲಿ ಐಸೆಲಿನ್‌ನ ನಮ್ಮ ದಿನಸಿ ಅಂಗಡಿಯಲ್ಲಿ ಡಾಲರಿಗೆ ಎರಡು ತೆಂಗಿನಕಾಯಿ ಕೊಡುತ್ತಿದ್ದೆವು. ಇಪ್ಪತ್ತು ಪೌಂಡಿನ ಸೋನಾ ಮಸೂರಿ ಚೀಲಕ್ಕೆ ಹತ್ತು ಡಾಲರ್, ನಾಲ್ಕು ಪೌಂಡ್ ತೊಗರಿಬೇಳೆಗೆ ಮೂರು, ಕೊತ್ತಂಬರಿ ಕಟ್ಟಿಗೆ ಐವತ್ತು ಸೆಂಟು. ಪಾರ್ಸಿಪನಿಯಲ್ಲಿ ಹೊಸದಾಗಿ ತೆರೆದ ನಮ್ಮ ಶಾಖೆಯಲ್ಲೂ ಇದೇ ಬೆಲೆ. ಒಂದೇ ರಾಜ್ಯ, ಒಂದೇ ಡಾಲರ್, ಒಂದೇ ಟ್ರಕ್ಕಿನಲ್ಲಿ ಬಂದ ಸರಕು. ಬೆಲೆ ಬೇರೆಯಾಗಲು ಕಾರಣವಿಲ್ಲ ಎಂದುಕೊಂಡಿದ್ದೆ. ಬೆಲೆ ಏರಿತೆಂದು ಜಗಳವಾಡಿದ ಗಿರಾಕಿಗಳು ಬಹಳ ಮಂದಿ. ಎರಡು ಕಡೆಯೂ ಒಂದೇ ಏಕಿದೆ ಎಂದು ಕೇಳಿದವರು ಡಾ. ಶೈಲಮ್ಮನವರೊಬ್ಬರೇ.

ಮಾರಿಸ್‌ಟೌನಿನ ವಿಮಾ ಸಂಸ್ಥೆಯೊಂದರಲ್ಲಿ ಅರ್ಥಶಾಸ್ತ್ರಜ್ಞೆಯಾಗಿ ಕಾಲು ಶತಮಾನ ದುಡಿದು ಈ ವರ್ಷ ನಿವೃತ್ತರಾಗುತ್ತಿರುವ ಶೈಲಮ್ಮನವರ ವಿದ್ವತ್ತನ್ನು ಅಳೆಯುವ ತಕ್ಕಡಿ ನನ್ನಲ್ಲಿಲ್ಲ. ಆ ಕೆಲಸವನ್ನು ಅವರಿಗೆ ಅರ್ಪಿಸುತ್ತಿರುವ ಈ ಅಭಿನಂದನ ಸಂಪುಟದ ಬೇರೆ ಲೇಖಕರು ಮಾಡಿದ್ದಾರೆ. ನನಗೆ ತಿಳಿದಿರುವುದಿಷ್ಟು. ಯೂರೋಪಿನ ಹಲವು ದೇಶಗಳು ತಮ್ಮ ತಮ್ಮ ನಾಣ್ಯ ಬಿಟ್ಟು ಯೂರೋ ಎಂಬ ಒಂದೇ ನಾಣ್ಯಕ್ಕೆ ಬಂದ ಮೇಲೆ ಬಡ ದೇಶ ಬಲ್ಲಿದ ದೇಶದ ಸಮಕ್ಕೆ ಬರುತ್ತದೆಯೇ, ಬಂದರೆ ಎಷ್ಟು ಕಾಲಕ್ಕೆ, ಎಂಬುದು ಅವರ ಅಧ್ಯಯನದ ವಿಷಯ. ಸಾಲದ ಬಡ್ಡಿ ಬೇಗನೆ ಒಂದು ಮಟ್ಟಕ್ಕೆ ಬಂತಂತೆ. ಸಂಬಳ ಹಾಗೆ ಬರುತ್ತದೆಯೋ ಇಲ್ಲವೋ ತಿಳಿಯದಂತೆ. ಇಷ್ಟು ಓದಿಯೂ ನಿಮಗೇ ಗೊತ್ತಿಲ್ಲವೇ ಎಂದು ನಾನೊಮ್ಮೆ ಕೆಣಕಿದ್ದಕ್ಕೆ, "ಗೊತ್ತಿದ್ದಿದ್ರೆ ಕಂಪನಿ ನನಗೆ ಯಾಕೆ ಸಂಬಳ ಕೊಡ್ತಿತ್ತು ಈಶಣ್ಣ?" ಎಂದು ಬೆಂಡೆಕಾಯಿಯ ತುದಿ ಮುರಿದು ನೋಡುತ್ತಾ ಹೇಳಿದರು.

ಅವರ ಪ್ರಶ್ನೆಗಳು ಹೀಗೇ ತರಕಾರಿ ಆರಿಸುವಾಗ ಬರುತ್ತಿದ್ದವು. ಪಾರ್ಸಿಪನಿಯಲ್ಲಿ ಕಂಪ್ಯೂಟರ್ ಕೆಲಸದ ನಮ್ಮ ಹುಡುಗರು ಇಷ್ಟೊಂದು ಜನ ಬಾಡಿಗೆಗಿದ್ದರೂ ಅಲ್ಲಿ ಅಕ್ಕಿಚೀಲ ಏಕೆ ಕದಲುವುದಿಲ್ಲ ಎಂದರು. ನಾನು ವಿವರಿಸಿದೆ. ನಮ್ಮವರಿಗೆ ಶನಿವಾರ ಐಸೆಲಿನ್‌ಗೆ ಡ್ರೈವ್ ಮಾಡುವುದು ದೇವಸ್ಥಾನಕ್ಕೆ ಹೋದಷ್ಟೇ ನಿಯಮ. ದೋಸೆ ತಿಂದು, ಸೀರೆ ನೋಡಿ, ತಿಂಗಳ ಅಕ್ಕಿಬೇಳೆಯನ್ನು ಕಾರಿಗೆ ತುಂಬಿಕೊಂಡೇ ಹಿಂತಿರುಗುತ್ತಾರೆ. ಪಕ್ಕದ ಶಾಖೆಗೆ ಬರುವುದು ಮರೆತ ಕರಿಬೇವಿಗೆ, ಮುಗಿದ ಹಾಲಿಗೆ. ಹಾಗಾದರೆ ಕರಿಬೇವಿಗೂ ಅಕ್ಕಿಗೂ ಒಂದೇ ನ್ಯಾಯವೇಕೆ ಎಂದು ಅವರು ಕೇಳಿದರು. ಮರುವಾರವೇ ಅಲ್ಲಿ ಸೊಪ್ಪಿನ ಬೆಲೆ ಏರಿಸಿದೆ. ಯಾರೂ ತಕರಾರು ಮಾಡಲಿಲ್ಲ.

ಮರುವರ್ಷ ಕಂಪ್ಯೂಟರ್ ಕಂಪನಿಗಳು ಕುಸಿದವು. ಪಾರ್ಸಿಪನಿಯ ಅಪಾರ್ಟ್‌ಮೆಂಟುಗಳು ಒಂದೊಂದಾಗಿ ಖಾಲಿಯಾದವು. ನಾಲ್ಕು ದಿಕ್ಕಿನಿಂದಲೂ ಜನ ಬರುವ ಐಸೆಲಿನ್‌ಗೆ ಆ ಪೆಟ್ಟು ಅಷ್ಟು ತಟ್ಟಲಿಲ್ಲ. ಶಾಖೆ ಮಾತ್ರ ಮಲಗಿತು. ಅದನ್ನು ನೋಡಿಕೊಳ್ಳುತ್ತಿದ್ದವರು ಧಾರವಾಡದ ಕಡೆಯ ಕಮಲವ್ವ. ಅವರ ಯಜಮಾನರ ಕೆಲಸವೂ ಆಗಲೇ ಹೋಗಿತ್ತು. ಆದರೂ ಅವರ ಸಂಬಳವನ್ನು ಮೂರನೇ ಒಂದು ಪಾಲು ಕಡಿಮೆ ಮಾಡದೆ ದಾರಿಯಿಲ್ಲವೆಂದು ನಿಶ್ಚಯಿಸಿ, ಒಂದು ಸಂಜೆ ಹೋಗಿ ಹೇಳಿದೆ. ಶೈಲಮ್ಮನವರು ಬುಟ್ಟಿ ಹಿಡಿದು ಅಲ್ಲೇ ಇದ್ದರು.

ಕಮಲವ್ವ ಅಳಲಿಲ್ಲ. "ಪಗಾರ ಕಡಿಮಿ ಮಾಡ್ರಿ ಈಶಣ್ಣಾರ. ಹಂಗ ನಮ್ಮ ಲ್ಯಾಂಡ್‌ಲಾರ್ಡ್‌ಗೂ ಒಂದು ಫೋನ್ ಮಾಡಿ, ರೆಂಟೂ ಅಷ್ಟ ಕಡಿಮಿ ಮಾಡಪಾ ಅಂತ ನೀವ ಹೇಳಿಬಿಡ್ರಿ" ಎಂದರು.

ಶೈಲಮ್ಮನವರು ಬುಟ್ಟಿಯನ್ನು ಕೆಳಗಿಟ್ಟರು.

"ಈಶಣ್ಣ, ಈ ಅಂಗಡಿಗೇ ಬೇರೆ ದುಡ್ಡು ಇದ್ದಿದ್ರೆ ಅದರ ಬೆಲೆ ಇಳಿಸಿ ಹೇಗೋ ನಿಭಾಯಿಸಬಹುದಿತ್ತು. ಇಲ್ವಲ್ಲ. ಇನ್ನುಳಿದಿದ್ದು ಇವರ ಸಂಬಳ ಇಳಿಸೋದು, ಇಲ್ಲ ಇವರನ್ನ ಕೆಲಸ ಇರೋ ಕಡೆಗೆ ಕಳಿಸೋದು, ಇಲ್ಲಾಂದ್ರೆ ಆ ಅಂಗಡಿ ಈ ಅಂಗಡೀನ ಸಾಕೋದು. ಯೂರೋಪಿನವರಿಗೆ ಕೊನೇ ಎರಡೂ ಕಷ್ಟ. ಭಾಷೆ ಬೇರೆ, ಖಜಾನೆ ಬೇರೆ. ನಿಮ್ಮದು ಎರಡು ಅಂಗಡಿಗೂ ಒಂದೇ ಗಲ್ಲಾ ಅಲ್ವಾ?"

ಅದು ಉಪದೇಶವಾಗಿರಲಿಲ್ಲ, ನಿಜವಾಗಿಯೂ ತಿಳಿಯಬೇಕೆಂಬ ಪ್ರಶ್ನೆಯೇ ಆಗಿತ್ತು. ಒಂದೇ ಗಲ್ಲಾ ಎಂದು ಒಪ್ಪಿಕೊಂಡೆ. ಕಮಲವ್ವನಿಗೆ ವಾರದ ನಡುವೆ ಶಾಖೆ, ಶನಿವಾರ ಭಾನುವಾರ ಗಿರಾಕಿ ನುಗ್ಗುವ ಐಸೆಲಿನ್ ಕೌಂಟರ್, ಸಂಬಳ ಮೊದಲಿನಷ್ಟೇ ಎಂದು ತೀರ್ಮಾನವಾಯಿತು. ಆದರೆ ಕಮಲವ್ವನ ಮನೆಯ ಒಂದೇ ಕಾರು ಯಜಮಾನರ ಕೆಲಸದ ಹುಡುಕಾಟಕ್ಕೆ ಬೇಕಿತ್ತು. ತಾವು ಹೇಗೂ ಐಸೆಲಿನ್‌ಗೆ ಬರುವವರು, ದಾರಿಯಲ್ಲೇ ಕರೆತರುತ್ತೇನೆ ಎಂದರು ಶೈಲಮ್ಮನವರು. ನಕ್ಷೆ ಬಲ್ಲವರಿಗೆ ಇದರ ಸುಳ್ಳು ಗೊತ್ತು: ಅವರ ಮನೆಯಿರುವ ಮಾರಿಸ್‌ಟೌನಿನಿಂದ ಐಸೆಲಿನ್ ದಕ್ಷಿಣಕ್ಕೆ, ಪಾರ್ಸಿಪನಿ ಉತ್ತರಕ್ಕೆ. ಆ ಚಳಿಗಾಲವೆಲ್ಲ ಶನಿವಾರ ಭಾನುವಾರ ಎರಡೂ ದಿನ, ಹಿಮ ಬಿದ್ದಾಗಲೂ, ಅವರು ಮೊದಲು ಉತ್ತರಕ್ಕೆ ಹೋಗಿ, ಕಮಲವ್ವನನ್ನು ಹತ್ತಿಸಿಕೊಂಡು, ಹೈವೇ ೨೮೭ರಲ್ಲಿ ದಕ್ಷಿಣಕ್ಕೆ ಬಂದರು. ಸಂಜೆ ಮತ್ತೆ ಮನೆ ಮುಟ್ಟಿಸಿದರು. ದಾರಿಯುದ್ದಕ್ಕೂ ಧಾರವಾಡದಿಂದ ಬೆಂಗಳೂರಿಗೆ ಹೋದವರ ಕೂಲಿ ಎಷ್ಟು, ಊರಲ್ಲಿ ಉಳಿದವರದೆಷ್ಟು, ಮನೆಗೆ ಹಣ ಕಳಿಸುವವರೆಷ್ಟು ಎಂದು ವಿಚಾರಿಸುತ್ತಿದ್ದರಂತೆ. "ಆಂಟಿ ಕಾರಿನ್ಯಾಗ ರೇಡಿಯೋ ಬ್ಯಾಡ್ರಿ, ನಾನ ರೇಡಿಯೋ" ಎನ್ನುತ್ತಿದ್ದರು ಕಮಲವ್ವ.

ಕಳೆದ ವರ್ಷ ಶೈಲಮ್ಮನವರು ಸಂಸ್ಥೆಗೆ ಒಪ್ಪಿಸಿದ ವರದಿಯ ಸಾರವನ್ನು ನನಗೂ ಓದಿ ಹೇಳಿದರು. ಒಂದು ನಾಣ್ಯ ಇದ್ದ ಮಾತ್ರಕ್ಕೆ ಊರುಗಳು ಒಂದಾಗುವುದಿಲ್ಲ, ಒಂದಕ್ಕೆ ಪೆಟ್ಟು ಬಿದ್ದ ದಿನ ಉಳಿದವು ಏನು ಮಾಡುತ್ತವೆ ಎಂಬುದನ್ನು ನೋಡಬೇಕು ಎಂದಿತ್ತು. ಸಮಕ್ಕೆ ಬರುತ್ತವೆಯೇ ಎಂಬಲ್ಲಿ "ಇನ್ನೂ ತಿಳಿಯದು" ಎಂದು ಬರೆದಿದ್ದರು. ಮೇಲಿನವರು ಖಚಿತವಾದ ಮಾತು ಬೇಕೆಂದು ಒತ್ತಾಯಿಸಿದರೂ ಆ ಪದಗಳನ್ನು ತೆಗೆಯಲಿಲ್ಲವಂತೆ. ತಿಳಿಯದ್ದನ್ನು ತಿಳಿಯದೆನ್ನುವ ವಿದ್ವಾಂಸರು ನನ್ನಂಥ ವ್ಯಾಪಾರಿಗೆ ಬಹಳ ಬೆಲೆಯುಳ್ಳವರು.

ದೇಶಗಳು ಸರಿಸಮ ಆಗುತ್ತವೆಯೋ ಇಲ್ಲವೋ ತಿಳಿಯಬೇಕಾದರೆ ಮೂವತ್ತು ನಲವತ್ತು ವರ್ಷವಾದರೂ ಬೇಕೆಂದು ಅವರೇ ಹೇಳುತ್ತಾರೆ. ಆ ಉತ್ತರವನ್ನು ಕಣ್ಣಾರೆ ಕಂಡು, ಅದರ ಮೇಲೆ ಇನ್ನೊಂದು ಪ್ರಶ್ನೆ ಎತ್ತುವಷ್ಟು ಆಯುಸ್ಸು, ಆರೋಗ್ಯ ಅವರಿಗಿರಲಿ ಎಂದು ನಮ್ಮ ಅಂಗಡಿಯ ಎಲ್ಲರ ಪರವಾಗಿ ಬೇಡುತ್ತೇನೆ.

ಪಾರ್ಸಿಪನಿಯ ಶಾಖೆ ಉಳಿಯಲಿಲ್ಲ. ಲೀಸ್ ಮುಗಿದ ತಿಂಗಳು ಬಾಗಿಲು ಹಾಕಿದೆ. ಅದಕ್ಕೆ ಹಾಕಿದ ಹಣ ಹೋಯಿತು. ಕಮಲವ್ವ ಈಗ ವಾರವೆಲ್ಲ ಐಸೆಲಿನ್‌ನಲ್ಲಿದ್ದಾರೆ. ಅವರ ಸಂಬಳ ಒಂದು ತಿಂಗಳೂ ಕಡಿಮೆಯಾಗಲಿಲ್ಲ.