ಹದಿನಾಲ್ಕು ಜನಕ್ಕೆ ಒಂದೇ ಗುಟ್ಟು

ನಂಜನಗೂಡಿನ ಒಂದು ಖಾಸಗಿ ಕಾಲೇಜಿನಲ್ಲಿ ನಾನು ಕಂಪ್ಯೂಟರ್ ಆಪರೇಟರ್ ಆಗಿದ್ದೆ. ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿತ್ತು. ದಿನಾ ತಿ. ನರಸೀಪುರದಿಂದ ಬಸ್ಸಿನಲ್ಲಿ ಬಂದು ಹೋಗುವುದು. ಇಡೀ ಆಫೀಸಿನಲ್ಲಿ ಇಮೇಲ್ ಬಲ್ಲವಳು ನಾನೊಬ್ಬಳೇ. ಅರ್ಧಕ್ಕರ್ಧ ಉಪನ್ಯಾಸಕರಿಗೆ ಇಮೇಲ್ ವಿಳಾಸ ಮಾಡಿಕೊಟ್ಟವಳೂ ನಾನೇ.

ಒಂದು ಸೋಮವಾರ ಕಾಲೇಜಿನ ಕಾರ್ಯದರ್ಶಿಗಳು ಒಂದು ಇಂಗ್ಲಿಷ್ ಪತ್ರ ತಂದು ನನ್ನ ಮೇಜಿನ ಮೇಲಿಟ್ಟರು. ತಾತ್ಕಾಲಿಕ ಉಪನ್ಯಾಸಕರು ಹದಿನಾಲ್ಕು ಜನರಿದ್ದರು, ಅಷ್ಟೂ ಜನಕ್ಕೆ ಕಳಿಸಬೇಕು. "ಒಟ್ಟಿಗೆ ಹಾಕ್ಬೇಡಮ್ಮ. ಒಬ್ಬೊಬ್ರ ಹೆಸರಲ್ಲೂ ಬೇರೆಬೇರೆ ಹೋಗ್ಬೇಕು. ಒಬ್ರಿಗೆ ಬಂದಿದ್ದು ಇನ್ನೊಬ್ರಿಗೆ ತಿಳೀಬಾರ್ದು" ಅಂದರು. ಅದೇನು ಮಹಾ. ಪತ್ರ ಒಂದು ಕಡೆ, ಹೆಸರು ವಿಳಾಸಗಳ ಪಟ್ಟಿ ಇನ್ನೊಂದು ಕಡೆ. ಮೇಲ್ ಮರ್ಜ್ ಮಾಡಿದರೆ ಪ್ರತಿ ಪತ್ರದ ಮೇಲೂ ಅವರವರ ಹೆಸರು ತಾನೇ ಬಂದು ಕೂರುತ್ತದೆ. ಗುಂಡಿ ಒತ್ತಿದೆ. ಪತ್ರ ಸರಿಯಾಗಿ ಓದಿದ್ದು ಆಮೇಲೆ.

"ನಿಮ್ಮ ಪಾಠದ ಬಗ್ಗೆ ವಿದ್ಯಾರ್ಥಿಗಳು ದೂರು ಕೊಟ್ಟಿದ್ದಾರೆ. ನಿಮ್ಮ ಗೌರವಕ್ಕಾಗಿ ಇದನ್ನು ಗುಟ್ಟಾಗಿಟ್ಟಿದ್ದೇವೆ. ಈ ವಾರದೊಳಗೆ ನೀವಾಗಿಯೇ ರಾಜೀನಾಮೆ ಕೊಟ್ಟರೆ ಒಳ್ಳೆಯ ಸರ್ಟಿಫಿಕೇಟ್ ಕೊಡುತ್ತೇವೆ." ಇದು ಅದರ ಸಾರ. ಗೌರವವಂತೆ. ಶುದ್ಧ ಸುಳ್ಳು. ದೂರಿನ ಪೆಟ್ಟಿಗೆಯ ಬೀಗದ ಕೈ ಇದ್ದದ್ದು ನನ್ನ ಹತ್ತಿರ. ಆ ವರ್ಷವೆಲ್ಲ ಅದರಲ್ಲಿ ಬಿದ್ದದ್ದು ಕ್ಯಾಂಟೀನಿನ ಸಾಂಬಾರಿನ ಮೇಲೆ ಎರಡು ಚೀಟಿ. ಈ ತಾತ್ಕಾಲಿಕದವರಲ್ಲಿ ಹಳಬರು ಕೆಲಸ ಖಾಯಂ ಮಾಡಿ ಎಂದು ಕೇಳಲು ಶುರುಮಾಡಿದ್ದರು. ಅವರನ್ನೆಲ್ಲ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ತೆಗೆಯಬೇಕಿತ್ತು, ಅಷ್ಟೇ.

ಮೈ ಉರಿದುಹೋಯಿತು. ಆದರೂ ಬಾಯಿ ಬಿಡಲಿಲ್ಲ. ನನ್ನದೂ ತಾತ್ಕಾಲಿಕ ಕೆಲಸವೇ.

ಮಾರನೆಯ ದಿನದಿಂದ ಒಬ್ಬೊಬ್ಬರೇ ನನ್ನ ಕೋಣೆಗೆ ಬರತೊಡಗಿದರು. ಆ ಕಡೆ ಈ ಕಡೆ ನೋಡಿ, ಬಾಗಿಲು ಮುಂದೆ ಮಾಡಿ, "ಒಂದು ಪ್ರಿಂಟ್ ತೆಕ್ಕೊಡಿ, ಯಾರಿಗೂ ಹೇಳ್ಬೇಡಿ" ಎನ್ನುವುದು. ಆಮೇಲೆ ಸ್ಟಾಫ್ ರೂಮಿನಲ್ಲಿ ಪಕ್ಕಪಕ್ಕದಲ್ಲೇ ಕೂತು, ಒಬ್ಬರಿಗೊಬ್ಬರು ತುಟಿ ಬಿಚ್ಚದೆ ಕಾಫಿ ಕುಡಿಯುವುದು. ದೂರು ಬಂದಿರುವುದು ತಮ್ಮೊಬ್ಬರ ಮೇಲೇ ಎಂದು ಪ್ರತಿಯೊಬ್ಬರೂ ನಂಬಿದ್ದರು. ಪಾಠ ಹೇಳಿ ಬದುಕುವವರಿಗೆ ಇದಕ್ಕಿಂತ ಅವಮಾನ ಬೇಕೆ? ಬುಧವಾರ ಮೂವರು ರಾಜೀನಾಮೆ ಟೈಪ್ ಮಾಡಿಸಿಕೊಂಡು, ಕೊಟ್ಟು ಹೋದರು.

ಗುರುವಾರ ಹೆಮ್ಮಿಗೆಯ ಕನ್ನಡ ಮೇಷ್ಟ್ರು ಬಂದರು. ಹನ್ನೊಂದು ವರ್ಷದಿಂದ ಅಲ್ಲಿ ಪಾಠ ಮಾಡುತ್ತಿದ್ದವರು. ನರಸೀಪುರದಲ್ಲಿ ಬಸ್ಸು ಬದಲಿಸಿ ದಿನಾ ನನ್ನ ಜೊತೆಗೇ ಬರುತ್ತಿದ್ದವರು. ಅವರ ಕೈಯಲ್ಲೂ ರಾಜೀನಾಮೆ ಬರೆದ ಹಾಳೆ ಇತ್ತು.

"ಯಾವ ಐಕ್ಳೂ ಎದುರಿಗೆ ನಿಂತ್ಕಂಡು ಅರ್ಥ ಆಗ್ನಿಲ್ಲ ಸಾ ಅನ್ನಿಲ್ಲ ಕಣವ್ವ" ಎಂದರು. "ಅಷ್ಟೊಂದು ಕೆಟ್ಟದಾಗಿ ಹೇಳ್ಕೊಟ್ನಾ ನಾನು? ಮನೇಲಿ ಹೇಳಕ್ಕೂ ಮೊಕ ಇಲ್ಲ."

ನನಗೆ ತಡೆಯಲಾಗಲಿಲ್ಲ. ಕಂಪ್ಯೂಟರಿನ ಪರದೆಯನ್ನು ಅವರ ಕಡೆ ತಿರುಗಿಸಿ ಪಟ್ಟಿ ತೆರೆದೆ. "ನೋಡಿ ಸಾರ್. ಹದಿನಾಲ್ಕು ಜನಕ್ಕೂ ಅದೇ ಪತ್ರ. ಹೆಸರು ಮಾತ್ರ ಬೇರೆ. ದೂರು ಒಂದೂ ಇಲ್ಲ."

ಅವರು ಬೆರಳಿಟ್ಟು ಒಂದೊಂದೇ ಹೆಸರು ಓದಿದರು. ಕೊನೆಗೆ ಬಂದು ಮತ್ತೆ ಮೇಲಿನಿಂದ ಓದಿದರು. "ಎಲ್ರಿಗೂ ಗೊತ್ತಾಗೋ ಅಂಗೆ ಕಳ್ಸಕ್ಕಾಯ್ತದಾ?" ಎಂದು ಕೇಳಿದರು.

ಆಗುತ್ತದೆ. ಅದಕ್ಕೆ ಯಾವ ವಿದ್ಯೆಯೂ ಬೇಡ. ಹದಿನಾಲ್ಕು ವಿಳಾಸಗಳನ್ನೂ ಎಲ್ಲರಿಗೂ ಕಾಣುವಂತೆ ಒಂದೇ ಸಾಲಿನಲ್ಲಿ ಹಾಕಿ, ಅದೇ ಪತ್ರವನ್ನು ಮತ್ತೊಮ್ಮೆ ಕಳಿಸಿದೆ. ದೂರು ಬಂದಿಲ್ಲ ಎಂದು ಕೆಳಗೆ ಬರೆದು ನನ್ನ ಹೆಸರು ಹಾಕಿದೆ.

ಶನಿವಾರ ಹನ್ನೊಂದು ಜನ ಒಟ್ಟಾಗಿ ಕಾರ್ಯದರ್ಶಿಯ ಕೋಣೆಗೆ ನುಗ್ಗಿದರು. ಅವರ ಕೆಲಸ ಉಳಿಯಿತು. ನನ್ನದು ಹೋಯಿತು, ಹೋಗಲಿ. ಆದರೆ ಬುಧವಾರ ಬಿಟ್ಟುಹೋದ ಮೂವರನ್ನು ವಾಪಸ್ ತೆಗೆದುಕೊಳ್ಳಲೇ ಇಲ್ಲ. ನೀವಾಗಿಯೇ ಕೊಟ್ಟಿದ್ದೀರಲ್ಲ ಎಂದರಂತೆ. ಆ ಕಾರ್ಯದರ್ಶಿಯನ್ನು ಇವತ್ತಿಗೂ ಬಾಯಿಗೆ ಬಂದಂತೆ ಬೈಯುತ್ತೇನೆ. ಎಷ್ಟು ಬೈದರೂ ಸಮಾಧಾನವಿಲ್ಲ. ಆ ಮೂರು ರಾಜೀನಾಮೆಗಳನ್ನು, ಎಲ್ಲ ಗೊತ್ತಿದ್ದೂ, ಒಂದು ಅಕ್ಷರ ತಪ್ಪಿಲ್ಲದೆ ಟೈಪ್ ಮಾಡಿಕೊಟ್ಟವಳು ನಾನೇ.