ಅಪ್ಪನ ಪದ ಸೇವ್ ಆದದ್ದು

ತೊಂಬತ್ತರ ದಶಕದಲ್ಲಿ ನಾನು ಲಿಂಗಸುಗೂರಿನ ಒಂದು ಟೈಪಿಂಗ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗಿ. ಹೊಸದಾಗಿ ಕಂಪ್ಯೂಟರ್ ಬಂದಿತ್ತು. ಅದರ ಕೋಣೆಗೆ ಚಪ್ಪಲಿ ಬಿಟ್ಟೇ ಹೋಗಬೇಕು. ಬಡಿದ ಅಕ್ಷರ ಕಾಗದವೇ ಇಲ್ಲದೆ ಉಳಿಯುತ್ತದೆ ಎಂಬುದು ಎಷ್ಟೋ ದಿನ ನನ್ನ ತಲೆಗೆ ಹೋಗಲಿಲ್ಲ. ಹೆಸರು ಕೊಟ್ಟು ಸೇವ್ ಮಾಡಿ ಮುಚ್ಚಿದರೆ ಮರುದಿನ ಇಟ್ಟದ್ದು ಇಟ್ಟಲ್ಲೇ ಸಿಗುತ್ತಿತ್ತು. ನಮ್ಮ ಮನೆಯಲ್ಲಿ ಬಾಚಣಿಗೆ ಕೂಡ ಇಟ್ಟಲ್ಲಿ ಇದ್ದದ್ದಿಲ್ಲ.

ಅಪ್ಪ ಸಂತೆಕಲ್ಲೂರಿನ ಭಜನೆಯಲ್ಲಿ ಮುಂದೆ ಕೂತು ಹಾಡುವವನು. ಓದು ಬರಹ ಬಾರದು. ಅವನ ಗುರು ಕಲಿಸಿದ ಒಂದು ಉದ್ದನೆಯ ಭಜನೆ ಪದ ಅವನೊಬ್ಬನ ಬಾಯಲ್ಲಿ ಉಳಿದಿತ್ತು. ಅವನ ಗಂಟಲಲ್ಲಿ ಗಡ್ಡೆ ಎದ್ದಿತು. ಆಪರೇಷನ್ ಆದರೆ ದನಿ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ, ಆ ಪದ ಕಂಪ್ಯೂಟರಿನಲ್ಲಿ ಬರೆದಿಡಲು ಅವನನ್ನು ಅಂಗಡಿಗೆ ಕರೆತಂದೆ.

ಅವನು ಹೇಳಿದ, ನಾನು ಬಡಿದೆ. ಹಾಡಿನ ಎರಡು ನುಡಿ ಆದ ಮೇಲೆ, "ತಡಿ ಯಪ್ಪಾ, ಸೇವ್ ಮಾಡ್ತೀನಿ" ಎಂದೆ. ಅಪ್ಪ ಕೈ ಅಡ್ಡ ಹಿಡಿದ.

"ಪದ ನಡುವ ಮುರೀಬಾರದು ಬೇ. ಮಂಗಳ ಆಗೂತನಕ ಏನೂ ಎತ್ತಿಡಂಗಿಲ್ಲ."

ಭಜನೆಯ ಕಟ್ಟಳೆಯೇ ಹಾಗೆ. ಕೊನೆಗೆ ಮಂಗಳ ಹಾಡುವವರೆಗೆ ಯಾರೂ ತಾಳ ಕೆಳಗಿಡುವುದಿಲ್ಲ. ಅವನ ಹಟದ ಮುಂದೆ ನನ್ನದೇನು ನಡೆದೀತು? ಸುಮ್ಮನೆ ಬಡಿದೆ. ಇನ್ನೇನು ಮಂಗಳ ಬಂತು ಎನ್ನುವಾಗ ಕರೆಂಟ್ ಹೋಯಿತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

"ಎಲ್ಲಿ ಹೋತು ಬೇ ಪದ?"

"ಇಡಾಕ ಬಿಟ್ಟಿಲ್ಲಲ್ಲ ನೀ. ಎಲ್ಲಾ ಹೋತು."

ನನಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. ಅಪ್ಪ ಎದ್ದು ಹೂಜಿಯ ಕಡೆ ಹೋದ. ನೀರು ಕುಡಿದು ಬೆಂಚಿನ ಮೇಲೆ ಕೂತ. ಮಧ್ಯಾಹ್ನ ಕರೆಂಟ್ ಬಂದಾಗ ಮೊದಲಿನಿಂದ ಶುರು ಮಾಡಿದ. ದನಿ ಬೀಸುವ ಕಲ್ಲಿನಂತೆ ಗರಗರ ಎನ್ನುತ್ತಿತ್ತು. ಈ ಸಲ ಒಂದೊಂದು ನುಡಿ ಮುಗಿದಾಗಲೂ ತಾನೇ ಬೆರಳೆತ್ತಿ, "ಇಡು ಬೇ" ಎನ್ನುತ್ತಿದ್ದ.

"ಈಗ ಪದ ಮುರಿಯಂಗಿಲ್ಲೇನು?" ಎಂದು ಚುಚ್ಚಿದೆ.

"ಹಾಡವ್ರು ನಡುವ ಉಸುರು ತಗೊಳ್ಳಂಗಿಲ್ಲೇನು? ಇದೂ ಹಂಗ ತಿಳಕೊ."

ಮಂಗಳವೂ ಆಯಿತು. ಫೈಲು ಮುಚ್ಚಿ, ಕಂಪ್ಯೂಟರ್ ಆರಿಸಿ, ಮತ್ತೆ ಹಚ್ಚಿ ತೆರೆದೆ. ಇಡೀ ಪದ ಬಂದು ನಿಂತಿತು. ಮೊದಲ ಸಾಲು ಓದಿದೆ. ಅಪ್ಪ ಪರದೆಯ ಮೇಲೆ ಅಂಗೈ ಇಟ್ಟ.

"ನನ್ನ ಬಾಯಾಗಿಂದು ಇದರಾಗ ಹೆಂಗ ಹೊಕ್ಕೈತಿ?"

 ದಿನಾ ಅದೇ ಕೆಲಸ ಮಾಡುವವಳು ನಾನು, ಮುಂದಿನ ಸಾಲು ಓದಿದೆ.

ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಗಾಯ ಮಾಗಿದ ಮೇಲೆ ಅಪ್ಪ ಒಂದು ದಿನ ತಾನೇ ಬಸ್ಸು ಹಿಡಿದು ಅಂಗಡಿಗೆ ಬಂದು ಕಂಪ್ಯೂಟರಿನ ಕಡೆ ಕೈ ತೋರಿಸಿದ. ನಾನು ಫೈಲು ತೆರೆದು, ನೋಡಿಕೊಂಡು ನನಗೆ ಬಂದಂತೆ ಹಾಡಿದೆ. ಅವನು ತೊಡೆಯ ಮೇಲೆ ತಾಳ ಹಾಕಿದ. ಮೊದಲ ನುಡಿ ಮುಗಿದಾಗ ತಾಳ ನಿಂತಿತು, ಬೆರಳು ಮೇಲೆದ್ದಿತು.

"ಅವತ್ತ ಇಟ್ಟೀನಿ ಯಪ್ಪಾ, ಎಲ್ಲೂ ಹೋಗಂಗಿಲ್ಲ" ಎಂದೆ.

ಬೆರಳು ಇಳಿಯಲಿಲ್ಲ. ನಾನು ಮತ್ತೊಮ್ಮೆ ಸೇವ್ ಮಾಡಿದೆ. ಆಮೇಲೆಯೇ ಅವನು ಮುಂದಿನ ನುಡಿಗೆ ತಾಳ ಹಾಕಿದ.